ಮೇ ತಿಂಗಳ ಬಿಸಿಲು ತಾಳುವ ಕೋಳಿ ಮನೆ: ಕಲಬುರಗಿ, ಬೀದರ್, ಯಾದಗಿರಿ ಕಡೆ ಹಿತ್ತಲಲ್ಲಿ ಕೋಳಿ ಸಾಕಲು ಶುರು ಮಾಡುವ ಬಗೆ

ಕೋಳಿ ಸಾಕಬೇಕು ಅಂತ ಮನಸ್ಸು ಮಾಡಿದವರು ಮೊದಲು ಮರಿ ತಂದುಬಿಡುತ್ತಾರೆ. ಮನೆ ಆಮೇಲೆ ಕಟ್ಟಿದರಾಯಿತು, ಅಲ್ಲಿಯವರೆಗೆ ಬುಟ್ಟಿ ಕೆಳಗೆ ಮುಚ್ಚಿಟ್ಟರಾಯಿತು ಅನ್ನುವ ಲೆಕ್ಕ. ನಮ್ಮ ಸೀಮೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಬೀದರ್ ಎತ್ತರದಲ್ಲಿದೆ, ಸ್ವಲ್ಪ ತಂಪು, ಆದರೂ 40ರ ಆಸುಪಾಸು ಅಲ್ಲಿಯೂ ತಪ್ಪಿದ್ದಲ್ಲ. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು, ರೆಕ್ಕೆ ಅಗಲಿಸಿ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಬಿಸಿ 35 ದಾಟಿದರೆ ಅದಕ್ಕೆ ಸಂಕಟ, 40 ದಾಟಿದರೆ ಜೀವಕ್ಕೇ ಕುತ್ತು.

ಅದಕ್ಕೇ ನಾನು ಹೇಳುವುದು ಇಷ್ಟೇ: ಮೊದಲು ಮನೆ, ಆಮೇಲೆ ಕೋಳಿ. ಅದೂ ನಮ್ಮ ಕಡೆಯ ಬೆಳೆಯ ಲೆಕ್ಕ ಹಿಡಿದು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮುಗಿದು ಕಟ್ಟಿಗೆ ಹಿತ್ತಲಿಗೆ ಬರುತ್ತದಲ್ವಾ, ಆಗ ಕೋಳಿ ಮನೆ ಕಟ್ಟಿ. ಮೇ ತಿಂಗಳಲ್ಲಿ ಖಾಲಿ ಮನೆಯನ್ನೇ ಪರೀಕ್ಷೆ ಮಾಡಿ. ಮಳೆ ಹಿಡಿದ ಮೇಲೆ, ಜುಲೈ ಕೊನೆಗೆ ಮರಿ ತನ್ನಿ. ಆ ಮರಿಗಳು ಎಳ್ಳಮಾವಾಸ್ಯೆ, ಸಂಕ್ರಾಂತಿ ಹೊತ್ತಿಗೆ ತತ್ತಿ ಇಡಲು ಶುರು ಮಾಡುತ್ತವೆ. ಅವುಗಳ ಮೊದಲ ಬೇಸಿಗೆ ಬರುವಷ್ಟರಲ್ಲಿ ನಿಮಗೂ ಕೈ ಪಳಗಿರುತ್ತದೆ.

ಎಷ್ಟು ಕೋಳಿಯಿಂದ ಶುರು ಮಾಡಬೇಕು

ಮೊದಲ ಸಲ 20 ಸಾಕು. ಅದಕ್ಕಿಂತ ಜಾಸ್ತಿ ಬೇಡ. 20 ಕೋಳಿಗೆ ಮನೆಯ ಕಾಳು ಕಡಿ, ಹಿತ್ತಲ ಹುಳು ಹುಪ್ಪಟೆ ಬಹುಪಾಲು ಸಾಲುತ್ತದೆ. 50 ಆದರೆ ಪೂರ್ತಿ ಆಹಾರ ಕೊಂಡು ಹಾಕಬೇಕು, ಆಗ ಲೆಕ್ಕವೇ ಬೇರೆ. ಇಪ್ಪತ್ತರಲ್ಲಿ ಹುಂಜಗಳೂ ಬಂದೇ ಬರುತ್ತವೆ. ಬೆಳೆದ ಮೇಲೆ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಉಳಿಸಿಕೊಂಡು ಉಳಿದದ್ದು ಮಾರಬಹುದು.

ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಡಿ. ಕೋಳಿಗೆ ಗಡಿ ಗೊತ್ತಿಲ್ಲ. ಪಕ್ಕದವರ ಮೆಂತ್ಯೆ ಮಡಿ ಕೆದರಿದ ದಿನ ಜಗಳ ಆಗುವುದಕ್ಕಿಂತ ನಡುವೆ ತೊಗರಿ ಕಟ್ಟಿಗೆಯ ಬೇಲಿ ಹಾಕುವುದು ಒಳ್ಳೆಯದು.

ಜಾಗ ಮತ್ತು ತಳ

ಹಿತ್ತಲಲ್ಲಿ ಬೇವಿನ ಮರ ಇದ್ದರೆ ಅದರ ನೆರಳೇ ನಿಮ್ಮ ದೊಡ್ಡ ಆಸ್ತಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿ, ಅಲ್ಲಿಯೇ ಮನೆ ಗುರುತು ಹಾಕಿ. ಮರ ಇಲ್ಲದಿದ್ದರೆ ಪಡುವಣ ಬದಿಗೆ ನುಗ್ಗೆ ನೆಡಿ. ಬೇಗ ಬೆಳೆಯುತ್ತದೆ, ನೆರಳೂ ಆಯಿತು, ಸೊಪ್ಪು ಕೋಳಿಗೂ ಆಯಿತು.

ಮನೆಯ ಉದ್ದ ಮೂಡಣದಿಂದ ಪಡುವಣಕ್ಕೆ ಇರಬೇಕು. ಆಗ ಉದ್ದದ ಎರಡು ಬದಿ ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡುತ್ತವೆ. ಬೆಳಗಿನ, ಸಂಜೆಯ ಓರೆ ಬಿಸಿಲು ಒಳಗೆ ನುಗ್ಗುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ರಾತ್ರಿ ಮಲಗಲು ಮಾತ್ರ ಮನೆ, ಹಗಲೆಲ್ಲ ಹೊರಗೆ ತಿರುಗಾಟ ಅಂತಾದರೆ ಒಂದು ಕೋಳಿಗೆ 2 ಚದರ ಅಡಿ ಲೆಕ್ಕ. ಇಪ್ಪತ್ತಕ್ಕೆ 8 ಅಡಿ ಉದ್ದ, 5 ಅಡಿ ಅಗಲ. ಹಗಲೂ ಒಳಗೇ ಇಡಬೇಕಾದ ಪರಿಸ್ಥಿತಿ ಇದ್ದರೆ ಇದರ ಎರಡು ಪಟ್ಟು ಬೇಕು. ಅಗಲ ಜಾಸ್ತಿ ಮಾಡಬೇಡಿ, ನಡುವೆ ಗಾಳಿ ನಿಂತುಬಿಡುತ್ತದೆ. ಬೇಕಿದ್ದರೆ ಉದ್ದ ಹೆಚ್ಚಿಸಿ.

ತಳದ ವಿಷಯದಲ್ಲಿ ಕಂಜೂಸಿ ಮಾಡಬೇಡಿ. ಕಲಬುರಗಿ, ಯಾದಗಿರಿ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ರಾಡಿ ಆಗುತ್ತದೆ. ಎರೆ ಮಣ್ಣಿನ ಮೇಲೆ ನೇರವಾಗಿ ಮನೆ ನಿಲ್ಲಿಸಿದರೆ ಆಗಸ್ಟ್ ಹೊತ್ತಿಗೆ ಒಳಗೆಲ್ಲ ತೇವ. ತೇವ ಇದ್ದಲ್ಲಿ ರಕ್ತಭೇದಿ ರೋಗ ಬಂದೇ ಬರುತ್ತದೆ, ಮರಿಗಳು ಸಾಯುತ್ತವೆ. ಹಾಗಾಗಿ ಒಂದು ಅಡಿ ಎರೆ ಮಣ್ಣು ತೆಗೆದು ಮೊರಂ, ಅಂದರೆ ಗರಸು ಮಣ್ಣು ತುಂಬಿ, ಚೆನ್ನಾಗಿ ಬಡಿದು, ನೆಲಮಟ್ಟದಿಂದ ಒಂದೂವರೆ ಅಡಿ ಎತ್ತರಿಸಿ. ಬೀದರ್‌ನ ಕೆಂಪು ನೆಲದಲ್ಲಿ ನೀರು ಬೇಗ ಇಂಗುತ್ತದೆ, ಅಲ್ಲಿ ಒಂದು ಅಡಿ ಎತ್ತರ ಸಾಕು.

ಮೇಲೆ ಪರ್ಸಿ, ಅಂದರೆ ಚಪ್ಪಡಿ ಕಲ್ಲು ಹಾಸಿ. ಶಹಾಬಾದ್, ವಾಡಿ, ಸೇಡಂ ಸುತ್ತ ಕಲ್ಲಿನ ಗಣಿ ಇರುವ ನಾಡು ನಮ್ಮದು. ಪಾಲಿಶ್ ಮಾಡದ ತುಂಡು ಪರ್ಸಿ ಕಡಿಮೆ ಬೆಲೆಗೆ ಸಿಗುತ್ತದೆ. ಇದರಿಂದ ಎರಡು ಲಾಭ. ಕೆರೆದು ತೊಳೆಯುವುದು ಸುಲಭ, ಜೊತೆಗೆ ಹೆಗ್ಗಣ, ಮುಂಗುಸಿ ಕೆಳಗಿನಿಂದ ಬಿಲ ಕೊರೆದು ಬರಲಾರವು. ಸಂದುಗಳನ್ನು ಮಾತ್ರ ಸಿಮೆಂಟಿನಿಂದ ಮುಚ್ಚಿಬಿಡಿ. ಬರೀ ಕಲ್ಲಿನ ಮೇಲೆ ಕೋಳಿ ಬಿಡಬಾರದು. ಮೂರು ಇಂಚು ಹೊಟ್ಟು ಹರಡಬೇಕು. ಸುರಪುರ, ಶಹಾಪುರ ಕಡೆ ಕಾಲುವೆ ನೀರಿಗೆ ಭತ್ತ ಬೆಳೆಯುವುದರಿಂದ ಅಲ್ಲಿನ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಉಳಿದ ಕಡೆ ಶೇಂಗಾ ಸಿಪ್ಪೆ ಅಥವಾ ಕಟ್ಟಿಗೆ ಅಡ್ಡೆಯ ಸಿಪ್ಪೆ ಪುಡಿ ಆಗುತ್ತದೆ. ವಾರಕ್ಕೊಮ್ಮೆ ಕೆದರಿ ತಿರುವಿ ಹಾಕಿ. ಹಿಡಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟಿತೋ, ತೇವ ಜಾಸ್ತಿ ಅಂತ ಅರ್ಥ. ಆ ಜಾಗದ್ದನ್ನು ತೆಗೆದು ಒಣಗಿದ್ದು ಹಾಕಿ, ಸ್ವಲ್ಪ ಸುಣ್ಣದ ಪುಡಿ ಉದುರಿಸಿ. ತೆಗೆದ ಹಳೇ ಹೊಟ್ಟನ್ನು ತಿಪ್ಪೆಯಲ್ಲಿ ಕೊಳೆಸಿ ಹೊಲಕ್ಕೆ ಹಾಕಿದರೆ ಒಳ್ಳೆ ಗೊಬ್ಬರ.

ಗೋಡೆ, ಜಾಲರಿ, ಚಾವಣಿ

ಮೂಡಣ, ಪಡುವಣದ ಚಿಕ್ಕ ಬದಿ ಎರಡಕ್ಕೂ ಪೂರ್ತಿ ಗೋಡೆ. ಉತ್ತರ, ದಕ್ಷಿಣದ ಉದ್ದ ಬದಿಗೆ ಒಂದೂವರೆ ಅಡಿ ಮಾತ್ರ ಗೋಡೆ, ಮೇಲೆಲ್ಲ ಜಾಲರಿ. ನಾಲ್ಕೂ ಕಡೆ ಕಲ್ಲಿನ ಗೋಡೆ ಎತ್ತಿ ಒಂದೇ ಕಿಂಡಿ ಬಿಡುವ ಪದ್ಧತಿ ಹಳ್ಳಿಗಳಲ್ಲಿದೆ. ಬೆಕ್ಕಿಗೆ, ನಾಯಿಗೆ ಅದು ಭದ್ರ, ನಿಜ. ಆದರೆ ಹಗಲೆಲ್ಲ ಕಾದ ಕಲ್ಲು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಒಳಗಿನ ಕೋಳಿ ಹಗಲೂ ಬೇಯಬೇಕು, ರಾತ್ರಿಯೂ ಬೇಯಬೇಕು. ನನಗೆ ಆ ಗೂಡು ಒಪ್ಪಿಗೆ ಇಲ್ಲ.

ಜಾಲರಿ ಕೊಳ್ಳುವಾಗ ಷಟ್ಕೋನದ ತೆಳ್ಳನೆ ಕೋಳಿ ಜಾಲರಿ ತರಬೇಡಿ. ಅದು ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ನಾಯಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ತನ್ನಿ. ದುಡ್ಡು ಜಾಸ್ತಿ ಅನಿಸಿದರೆ ಕೆಳಗಿನ ಮೂರು ಅಡಿಗಾದರೂ ಅದನ್ನೇ ಹಾಕಿ, ಮೇಲೆ ಒಂದು ಇಂಚಿನದು ನಡೆಯುತ್ತದೆ. ಮುಂಗುಸಿಗೆ ಎರಡು ಇಂಚಿನ ಸಂದು ಸಾಕು. ಒಂದು ರಾತ್ರಿ ಒಳಗೆ ಬಂದರೆ ಒಂದನ್ನು ತಿಂದು ಹೋಗುವುದಿಲ್ಲ, ಸಿಕ್ಕಷ್ಟನ್ನೂ ಕಚ್ಚಿ ಹಾಕುತ್ತದೆ. ಬಾಗಿಲ ಕೆಳಗಿನ ಸಂದನ್ನೂ ಚಾವಣಿ ಗೋಡೆಗೆ ಕೂಡುವ ಸಂದನ್ನೂ ಎರಡೆರಡು ಸಲ ನೋಡಿ. ಎಲ್ಲರೂ ಮರೆಯುವ ಜಾಗ ಅವೇ.

ಕಂಬಕ್ಕೆ ಬಳ್ಳಾರಿ ಜಾಲಿ ನಡೆಯುತ್ತದೆ. ಹಳ್ಳದ ದಂಡೆಯಲ್ಲಿ ಬೇಕಾದಷ್ಟು ಬೆಳೆದಿರುತ್ತದೆ. ತೊಗಟೆ ಪೂರ್ತಿ ಸುಲಿದು, ನೆಲದಲ್ಲಿ ಹೂಳುವ ಭಾಗಕ್ಕೆ ಸುಟ್ಟ ಇಂಜಿನ್ ಎಣ್ಣೆ ಬಳಿಯಿರಿ, ಗೆದ್ದಲು ತಡವಾಗಿ ಹತ್ತುತ್ತದೆ.

ಈಗ ಚಾವಣಿ. ಪತ್ರಾಸ್, ಅಂದರೆ ತಗಡಿನ ಶೀಟು ಹಾಕಿದರೆ ಮಳೆಗೆ ಚಿಂತೆ ಇಲ್ಲ, ಆದರೆ ಬಿಸಿಲಿಗೆ ಅದರ ಕೆಳಗೆ ನಿಲ್ಲಲಾಗುವುದಿಲ್ಲ. ಬರೀ ಕಣಿಕೆ, ಅಂದರೆ ಜೋಳದ ಒಣ ದಂಟು ಹೊದಿಸಿದರೆ ತಂಪು, ಆದರೆ ಎರಡು ಮಳೆಗಾಲಕ್ಕೆ ಕೊಳೆತು ಬೀಳುತ್ತದೆ. ಎರಡೂ ಸೇರಿಸುವುದು ಜಾಣತನ. ಕೆಳಗೆ ಪತ್ರಾಸ್, ಅದರ ಮೇಲೆ ಸುಣ್ಣದ ಬಿಳಿ ಬಳಿದು, ಅದರ ಮೇಲೆ ಅಡ್ಡಗಟ್ಟಿಗೆ ಇಟ್ಟು ತೊಗರಿ ಕಟ್ಟಿಗೆ ಒಂದು ಅಡಿ ದಪ್ಪಕ್ಕೆ ಹೊದಿಸಿ ಹಗ್ಗದಿಂದ ಬಿಗಿಯಿರಿ. ಆಳಂದ, ಭಾಲ್ಕಿ, ಹುಮನಾಬಾದ್ ಕಡೆ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ ಸಿಗುತ್ತದೆ, ಅದೂ ಆಗುತ್ತದೆ. ಪತ್ರಾಸಿಗೂ ಕಟ್ಟಿಗೆಗೂ ನಡುವೆ ನಾಲ್ಕು ಬೆರಳು ಗಾಳಿ ಆಡುವ ಜಾಗ ಇರಲಿ, ಅದೇ ಮುಖ್ಯ. ಚಾವಣಿ ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚಿರಲಿ. ನಡುವಿನ ಎತ್ತರ 7 ಅಡಿ ಇದ್ದರೆ ನೀವೂ ನಿಂತು ಕಸ ಹೊಡೆಯಬಹುದು. ಒಲೆಯ ಹತ್ತಿರ, ಕರೆಂಟ್ ತಂತಿಯ ಕೆಳಗೆ ಇಂಥ ಚಾವಣಿ ಕಟ್ಟಬೇಡಿ. ಒಣ ಕಟ್ಟಿಗೆಗೆ ಕಿಡಿ ತಾಕಿದರೆ ಮುಗಿಯಿತು.

ಜಾಲರಿ ಬದಿಗೆ ಗೋಣಿ ಚೀಲದ ಪರದೆ ಬೇಕು. ಅದನ್ನು ಮೇಲಿನಿಂದ ಇಳಿಬಿಡಬೇಡಿ. ಕೆಳಗೆ ಗೋಡೆಗೆ ಬಿಗಿದು, ಮೇಲಕ್ಕೆ ಎಳೆದು ಕಟ್ಟುವ ಹಾಗೆ ಮಾಡಿ. ಆಗ ಮಳೆಯ ಎರಚಲು, ಚಳಿಗಾಳಿ ಕೋಳಿಯ ಮೈಗೆ ಬಡಿಯುವುದಿಲ್ಲ, ಮೇಲಿನ ಒಂದು ಅಡಿಯಿಂದ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುತ್ತದೆ. ಬೀದರ್ ಕಡೆ ಡಿಸೆಂಬರ್ ರಾತ್ರಿಗಳಲ್ಲಿ ಚಳಿ ಚೆನ್ನಾಗಿಯೇ ಬೀಳುತ್ತದೆ, ಆಗ ಈ ಪರದೆಯ ಬೆಲೆ ಗೊತ್ತಾಗುತ್ತದೆ.

ಒಳಗೆ ಕೂರಲು ಅಡ್ಡಗಂಬಿ ಕಟ್ಟಿ. ಎರಡು ಇಂಚು ದಪ್ಪದ ದುಂಡನೆ ಕಟ್ಟಿಗೆ, ನೆಲದಿಂದ ಎರಡೂವರೆ ಅಡಿ ಎತ್ತರ, ಒಂದು ಕೋಳಿಗೆ ಒಂದು ಗೇಣು ಜಾಗ. ಎಲ್ಲ ಕಂಬಿಯೂ ಒಂದೇ ಎತ್ತರದಲ್ಲಿ ಇರಲಿ. ಮೆಟ್ಟಿಲ ಹಾಗೆ ಕಟ್ಟಿದರೆ ಎಲ್ಲವಕ್ಕೂ ಮೇಲಿನದೇ ಬೇಕು, ದಿನಾ ಸಂಜೆ ಕಚ್ಚಾಟ.

ಗೋಡೆಯ ಬಿರುಕು ಒಂದೂ ಉಳಿಯದ ಹಾಗೆ ಸುಣ್ಣದ ಗಿಲಾವು ಮಾಡಿ. ನಮ್ಮಂಥ ಒಣ ಸೀಮೆಯಲ್ಲಿ ಕೋಳಿ ಉಣ್ಣಿಯ ಕಾಟ ಜಾಸ್ತಿ. ಅದು ಹಗಲು ಕೋಳಿಯ ಮೈಮೇಲೆ ಸಿಗುವುದಿಲ್ಲ. ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕೋಳಿ ಯಾಕೆ ಸೊರಗಿತು ಅಂತ ತಿಳಿಯದೆ ಜನ ಔಷಧ ಹಾಕುತ್ತ ಹೋಗುತ್ತಾರೆ. ಅನುಮಾನ ಬಂದರೆ ರಾತ್ರಿ ಬ್ಯಾಟರಿ ಹಿಡಿದು ಅಡ್ಡಗಂಬಿಯ ತುದಿ, ಗೋಡೆಯ ಮೂಲೆ ನೋಡಿ.

ಮೇ ತಿಂಗಳಲ್ಲಿ ಒಳಗೆ ಕೂತು ನೋಡಿ

ಮನೆ ಆಯಿತು, ಕೋಳಿ ಇನ್ನೂ ಬಂದಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೆಲಕ್ಕೆ ಕುಕ್ಕರಗಾಲಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ನಿಂತುಕೊಂಡಲ್ಲ, ಕೋಳಿಯ ಎತ್ತರದಲ್ಲಿ. ಗಾಳಿ ಮುಖಕ್ಕೆ ತಾಕುತ್ತದೋ? ಕೈಯನ್ನು ಪತ್ರಾಸಿನ ಕೆಳಗೆ ಹಿಡಿದರೆ ಬಿಸಿ ಹೊಡೆಯುತ್ತದೋ? ಪಡುವಣ ಗೋಡೆ ಮುಟ್ಟಿದರೆ ಕೈ ಸುಡುತ್ತದೋ? ಒಂದು ಥರ್ಮಾಮೀಟರ್ ತೂಗುಹಾಕಿ. ಹೊರಗಿನ ನೆರಳಿಗಿಂತ ಒಳಗೆ ಬಿಸಿ ಜಾಸ್ತಿ ತೋರಿಸಿದರೆ ಆ ಮನೆ ಇನ್ನೂ ತಯಾರಾಗಿಲ್ಲ. ಹೊದಿಕೆ ದಪ್ಪ ಮಾಡಿ, ಪಡುವಣ ಗೋಡೆಯ ಹೊರಗೆ ಕಟ್ಟಿಗೆಯ ತಡಿಕೆ ನಿಲ್ಲಿಸಿ, ಬೇಕಿದ್ದರೆ ಗಿಡ್ಡ ಗೋಡೆ ಇನ್ನೂ ಅರ್ಧ ಅಡಿ ಇಳಿಸಿ. ತಿದ್ದಲು ಇನ್ನೂ ಸಮಯ ಇದೆ. ಕೋಳಿ ಬಂದ ಮೇಲೆ ಈ ಸಮಯ ಸಿಗುವುದಿಲ್ಲ.

ಯಾವ ತಳಿ ತರಬೇಕು

ಜವಾರಿ ಕೋಳಿ ಚುರುಕು. ನಾಯಿ, ಹದ್ದು ಕಂಡರೆ ಹಾರಿ ತಪ್ಪಿಸಿಕೊಳ್ಳುತ್ತದೆ, ಕಾವು ಕೂರುತ್ತದೆ, ಮರಿ ಸಾಕುತ್ತದೆ. ತತ್ತಿ ಮಾತ್ರ ಕಡಿಮೆ, ವರ್ಷಕ್ಕೆ 50ರಿಂದ 70. ಗಿರಿರಾಜ ಅದರ ದುಪ್ಪಟ್ಟು ಇಡುತ್ತದೆ, ಮಾಂಸವೂ ಚೆನ್ನಾಗಿ ತುಂಬುತ್ತದೆ. ಆದರೆ ಮೈಭಾರ. ನಾಯಿ ಬಂದರೆ ಓಡಲಾರದು, ಬಿಸಿಲಿಗೂ ಬೇಗ ಸೋಲುತ್ತದೆ. ಸ್ವರ್ಣಧಾರ ಅದಕ್ಕಿಂತ ಹಗುರ, ತತ್ತಿ ಇನ್ನೂ ಜಾಸ್ತಿ. ಇವೆರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ತಳಿಗಳು. ಆ ಕಾಲೇಜು ಈಗ ನಮ್ಮ ಬೀದರ್‌ನಲ್ಲಿ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ ನಮಗೆ ದೂರವಲ್ಲ. ವನರಾಜ ಮಾಂಸಕ್ಕೂ ತತ್ತಿಗೂ, ಗ್ರಾಮಪ್ರಿಯ ಮುಖ್ಯವಾಗಿ ತತ್ತಿಗೆ.

ನಮ್ಮ ಬಿಸಿಲಿಗೆ ನನ್ನ ಆಯ್ಕೆ ಹೀಗಿದೆ: 15 ಸ್ವರ್ಣಧಾರ ಅಥವಾ ಗ್ರಾಮಪ್ರಿಯ, ಜೊತೆಗೆ 5 ಜವಾರಿ. ಹೆಚ್ಚು ತತ್ತಿ ಇಡುವ ತಳಿಗಳು ಕಾವು ಕೂರುವುದು ಕಡಿಮೆ. ಮರಿ ಮಾಡಿಸಲು ಜವಾರಿ ಹೇಂಟೆ ಬೇಕೇ ಬೇಕು. ಕಡಕ್‌ನಾಥ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ, ಗಟ್ಟಿ ಕೋಳಿಯೂ ಹೌದು. ಆದರೆ ದುಬಾರಿ ಬೆಲೆಗೆ ಮರಿ ಕೊಂಡು, ಕೊಳ್ಳುವವರು ಯಾರು ಅಂತ ಆಮೇಲೆ ಹುಡುಕುವುದು ಹೊಸಬರಿಗೆ ಬೇಡ. ಕಾಳಗದ ತಳಿಯಾದ ಅಸೀಲ್ ರಕ್ತ ಇರುವ ಹುಂಜಗಳನ್ನು ಒಟ್ಟಿಗೆ ಬಿಡಲಾಗದು, ಒಂದನ್ನೊಂದು ಕೊಂದುಕೊಳ್ಳುತ್ತವೆ.

ಒಂದು ದಿನದ ಮರಿ ಅಗ್ಗ. ಆದರೆ ಮೊದಲ ಸಲದವರು ಐದಾರು ವಾರದ ಮರಿಯನ್ನೇ ತನ್ನಿ. ಪುಕ್ಕ ಬಂದಿರುತ್ತದೆ, ಮೊದಲ ಲಸಿಕೆಗಳು ಆಗಿರುತ್ತವೆ, ಕಾವು ಕೊಡುವ ಕೆಲಸ ಇಲ್ಲ. ಪಶುಪಾಲನಾ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮರಿ ಯಾವಾಗ ಸಿಗುತ್ತದೆ, ಯೋಜನೆ ಏನಾದರೂ ಇದೆಯೇ ಅಂತ ಏಪ್ರಿಲ್‌ನಲ್ಲೇ ಕೇಳಿ ಹೆಸರು ಬರೆಸಿ.

ಒಂದು ದಿನದ ಮರಿಯನ್ನೇ ತರುವುದಾದರೆ ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಸುತ್ತಿ, ಒಳಗೆ ಹೊಟ್ಟು, ಅದರ ಮೇಲೆ ಕಾಗದ ಹಾಸಿ ಬಲ್ಬ್ ತೂಗುಹಾಕಿ. ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಬನ್ನಿ. ಮರಿಗಳೇ ಹೇಳುತ್ತವೆ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ, ಅಲ್ಲಲ್ಲಿ ಹರಡಿಕೊಂಡು ಮಲಗಿದ್ದರೆ ಎಲ್ಲ ಸರಿ.

ಮರಿ ಬಂದ ಮೇಲೆ

ಬೆಳಗಿನ ತಂಪಿನಲ್ಲೇ ತನ್ನಿ. ಬಂದ ಕೂಡಲೇ ಕಾಳು ಹಾಕಬೇಡಿ, ಮೊದಲು ನೀರು. ಒಂದು ಲೀಟರಿಗೆ ಒಂದು ಹಿಡಿ ಬೆಲ್ಲ ಕರಗಿಸಿ ಇಡಿ. ಒಂದು ಗಂಟೆ ಬಿಟ್ಟು ಆಹಾರ. ಎಂಟು ವಾರ ತುಂಬುವವರೆಗೆ ಅಂಗಡಿಯ ಮರಿ ಆಹಾರವನ್ನೇ ಕೊಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮನೆಯ ಕಾಳು ಬೆರೆಸಿ. ತತ್ತಿ ಕೋಳಿಯ ಆಹಾರವನ್ನು ಮರಿಗೆ ಹಾಕಲೇಬಾರದು. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಎಳೆ ಮರಿಯ ಮೂತ್ರಪಿಂಡ ಕೆಡುತ್ತದೆ.

ಮೊದಲ ಒಂದು ವಾರ ಹೊರಗೆ ಬಿಡಬೇಡಿ. ತನ್ನ ಮನೆ ಯಾವುದು ಅಂತ ಅವಕ್ಕೆ ಮನದಟ್ಟಾಗಬೇಕು. ಎಂಟನೇ ದಿನ ಸಂಜೆ ನಾಲ್ಕೂವರೆಗೆ ಬಾಗಿಲು ತೆಗೆಯಿರಿ. ಕತ್ತಲಾಗಲು ಎರಡು ತಾಸು ಇರುತ್ತದೆ, ಬಹಳ ದೂರ ಹೋಗುವುದಿಲ್ಲ, ಮುಸ್ಸಂಜೆಗೆ ತಾವೇ ಹೊಸ್ತಿಲಿಗೆ ಬರುತ್ತವೆ. ಒಳಗೆ ಒಂದು ಹಿಡಿ ನುಚ್ಚು ಹಾಕಿ ಒಂದೇ ಥರ ಕೂಗಿ ಕರೆಯಿರಿ. ನಾಲ್ಕೈದು ದಿನದಲ್ಲಿ ಆ ಕೂಗಿಗೇ ಓಡಿ ಬರುತ್ತವೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬೇಗ ಬಿಡುತ್ತ ಬನ್ನಿ. ಸಂಜೆ ಎಣಿಸಿ ಬಾಗಿಲು ಹಾಕುವ ಕೆಲಸ ಮನೆಯಲ್ಲಿ ಒಬ್ಬರ ಹೆಸರಿಗೇ ಇರಲಿ. ಇವರು ಹಾಕಿದ್ದಾರೆ ಅಂತ ಅವರು, ಅವರು ಹಾಕಿದ್ದಾರೆ ಅಂತ ಇವರು ಅಂದುಕೊಂಡ ರಾತ್ರಿಯೇ ಕಾಡುಬೆಕ್ಕು ಬರುತ್ತದೆ.

ಬಿತ್ತನೆ ಕಾಲದಲ್ಲಿ ಒಂದು ಎಚ್ಚರ. ಔಷಧ ಹಚ್ಚಿದ ಬೀಜದ ಚೀಲ, ಚೆಲ್ಲಿದ ಕಾಳು ಹಿತ್ತಲಲ್ಲಿ ಬೀಳದಂತೆ ನೋಡಿಕೊಳ್ಳಿ. ತೊಗರಿ ಹೂ, ಕಾಯಿಗೆ ಬಂದಾಗ ಕಾಯಿಕೊರಕಕ್ಕೆ ಔಷಧ ಹೊಡೆಯುತ್ತಾರೆ. ಪಕ್ಕದ ಹೊಲದಲ್ಲಿ ಹೊಡೆದ ದಿನದಿಂದ ಕೆಲವು ದಿನ ಕೋಳಿಯನ್ನು ಆ ಕಡೆ ಬಿಡಬೇಡಿ. ಸತ್ತ ಹುಳು ತಿಂದು ಕೋಳಿಯೂ ಸಾಯುತ್ತದೆ.

ಲಸಿಕೆ

ಹಿತ್ತಲ ಕೋಳಿಯನ್ನು ಊರಿಗೆ ಊರೇ ಖಾಲಿ ಮಾಡುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಉಬ್ಬಸ, ಕುತ್ತಿಗೆ ತಿರುಚುವುದು, ಕಾಲು ಬೀಳುವುದು. ಬಂದ ಮೇಲೆ ಔಷಧ ಇಲ್ಲ. ಬರುವ ಮುಂಚಿನ ಲಸಿಕೆಯೊಂದೇ ದಾರಿ.

ಮರಿ ಕೊಟ್ಟವರಿಂದ ಯಾವ ಯಾವ ಲಸಿಕೆ ಆಗಿದೆ ಅಂತ ಬರೆಸಿಕೊಳ್ಳಿ. ಮೊದಲ ದಿನ ಮಾರೆಕ್ಸ್ ರೋಗದ ಲಸಿಕೆ, ಮೊದಲ ವಾರ ಕಣ್ಣಿಗೆ ಹನಿ ಹಾಕುವ ರಾಣಿಖೇತ್ ಲಸಿಕೆ ಲಸೋಟಾ, ಎರಡನೇ ವಾರ ಗುಂಬೋರೋ ರೋಗದ್ದು, ನಾಲ್ಕನೇ ವಾರ ಮತ್ತೆ ಲಸೋಟಾ ಆಗಿರಬೇಕು. ನಿಮ್ಮ ಪಾಲಿಗೆ ಉಳಿಯುವುದು ಎಂಟರಿಂದ ಹತ್ತನೇ ವಾರದೊಳಗೆ ರಾಣಿಖೇತ್‌ನ ಆರ್‌ಟುಬಿ ಚುಚ್ಚುಮದ್ದು, ಅದರಿಂದ ಎರಡು ವಾರ ಬಿಟ್ಟು ಸಿಡುಬಿನ ಲಸಿಕೆ. ಜುಲೈ ಕೊನೆಗೆ ಮರಿ ತಂದರೆ ಆರ್‌ಟುಬಿ ಆಗಸ್ಟ್‌ನಲ್ಲಿ ಬರುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು, ಅದು ಫೆಬ್ರವರಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಈ ರೋಗ ಏಳುವ ಮುಂಚೆಯೇ ಕೋಳಿಗೆ ಶಕ್ತಿ ಬಂದಿರುತ್ತದೆ. ಲಸಿಕೆಗೆ ಒಂದು ವಾರ ಮುಂಚೆ ಜಂತುಹುಳದ ಔಷಧ ಕೊಡಿ.

ತೊಂದರೆ ಏನೆಂದರೆ ಲಸಿಕೆಯ ಸೀಸೆ ಬರುವುದೇ ನೂರಾರು ಕೋಳಿಗೆ ಆಗುವಷ್ಟು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. 20 ಕೋಳಿಗೆ ಅಂತ ತಂದು ಉಳಿದದ್ದು ಚೆಲ್ಲುವ ಬದಲು ಓಣಿಯವರನ್ನೆಲ್ಲ ಸೇರಿಸಿ. ಹಿಂದಿನ ಸಂಜೆ ಎಲ್ಲರೂ ಕೋಳಿ ಮುಚ್ಚಿಡಲಿ, ಬೆಳಿಗ್ಗೆ ಆರಕ್ಕೆ ಒಂದು ತುದಿಯಿಂದ ಹಾಕಿಸುತ್ತ ಹೋಗಿ. ನಿಮ್ಮ ಕೋಳಿಗೆ ಮಾತ್ರ ಹಾಕಿಸಿ ಪಕ್ಕದ ಮನೆಯದು ಬಿಟ್ಟರೆ ರೋಗ ನಿಮ್ಮ ಬೇಲಿಯಾಚೆಯೇ ಉಳಿದುಕೊಳ್ಳುತ್ತದೆ. ತರುವಾಗ ಐಸ್ ಇರುವ ಫ್ಲಾಸ್ಕಿನಲ್ಲಿ ತನ್ನಿ. ಬಿಸಿಲಲ್ಲಿ ಜೇಬಿನಲ್ಲಿ ಬಂದ ಲಸಿಕೆ ಬರೀ ನೀರಿಗೆ ಸಮ.

ಸಂತೆಯಿಂದ ತಂದ ಕೋಳಿ ಎಷ್ಟೇ ಚೆನ್ನಾಗಿ ಕಂಡರೂ ಎರಡು ವಾರ ಬೇರೆ ಕಡೆ ಇಡಿ. ಮಾರಲು ಒಯ್ದು ಮಾರಾಟವಾಗದೆ ವಾಪಸ್ ಬಂದ ನಿಮ್ಮದೇ ಕೋಳಿಗೂ ಇದೇ ನಿಯಮ. ಇದ್ದಕ್ಕಿದ್ದಂತೆ ಒಂದೇ ದಿನ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ, ಕೊಯ್ದು ತಿನ್ನಬೇಡಿ. ಪಶು ಆಸ್ಪತ್ರೆಗೆ ತಿಳಿಸಿ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕಾಳು, ಹಿಂಡಿ, ಗೆದ್ದಲು

ಹೊರಗೆ ಮೇಯುವ ದೊಡ್ಡ ಕೋಳಿಗೆ ದಿನಕ್ಕೆ 50 ಗ್ರಾಂ ಕೈಯಿಂದ ಹಾಕಿದರೆ ಸಾಕು. ಇಪ್ಪತ್ತಕ್ಕೆ ಒಂದು ಕಿಲೋ. ಸುಮಾರು 10 ಕಿಲೋ ಮಿಶ್ರಣಕ್ಕೆ ಜೋಳ, ಸಜ್ಜೆ ಅಥವಾ ಮೆಕ್ಕೆಜೋಳದ ನುಚ್ಚು ಐದೂವರೆ ಕಿಲೋ, ಅಕ್ಕಿ ತೌಡು ಮತ್ತು ತೊಗರಿ ಚುನ್ನಿ ಸೇರಿ ಎರಡು ಕಿಲೋ, ಹಿಂಡಿ ಎರಡು ಕಿಲೋ, ಖನಿಜ ಮಿಶ್ರಣ ಕಾಲು ಕಿಲೋ, ಉಪ್ಪು 30 ಗ್ರಾಂ. ಚುನ್ನಿ ಅಂದರೆ ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ನುಚ್ಚು; ದಾಲ್ ಮಿಲ್ಲುಗಳ ಊರಲ್ಲಿ ಅದಕ್ಕೆ ಬರ ಇಲ್ಲ. ಶೇಂಗಾ ಹಿಂಡಿ ಹಾಕುವುದಾದರೆ ಮುರಿದು ಮೂಸಿ ನೋಡಿ. ಬೂಸು ಹಿಡಿದ ವಾಸನೆ ಇದ್ದರೆ ದನಕ್ಕೂ ಬೇಡ, ಕೋಳಿಗಂತೂ ಬೇಡವೇ ಬೇಡ, ಅದರ ವಿಷ ಯಕೃತ್ತಿಗೆ ಹೊಡೆಯುತ್ತದೆ. ಬೀದರ್ ಕಡೆಯವರಿಗೆ ಇನ್ನೊಂದು ಮಾತು. ಮನೆಯಲ್ಲಿ ಸೋಯಾ ಇದೆ ಅಂತ ಹಸಿ ಕಾಳು ನುಚ್ಚು ಮಾಡಿ ಹಾಕಬೇಡಿ. ಹಸಿ ಸೋಯಾದ ಪ್ರೋಟೀನ್ ಕೋಳಿಗೆ ಜೀರ್ಣ ಆಗುವುದಿಲ್ಲ. ಚೆನ್ನಾಗಿ ಹುರಿದದ್ದು ಅಥವಾ ಎಣ್ಣೆ ತೆಗೆದ ಸೋಯಾ ಹಿಂಡಿ ಮಾತ್ರ ಹಾಕಿ.

ಸಂಜೆ ಒಳಗೆ ಬಂದ ಕೋಳಿಯನ್ನು ಎತ್ತಿ ಕುತ್ತಿಗೆಯ ಬುಡದ ಚೀಲ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತುಂಬಿ ಉಬ್ಬಿದ್ದರೆ ಹೊರಗೆ ಸಾಕಷ್ಟು ಸಿಕ್ಕಿದೆ, ಕಾಳು ಕಡಿಮೆ ಹಾಕಿ. ಚಪ್ಪಟೆ ಇದ್ದರೆ ಜಾಸ್ತಿ ಹಾಕಿ. ಎಲ್ಲವುದೂ ತುಂಬಿದ್ದು ಒಂದರದು ಮಾತ್ರ ಖಾಲಿ ಇದ್ದರೆ ಆ ಕೋಳಿಗೆ ಏನೋ ಆಗಿದೆ. ಅದನ್ನು ಆ ರಾತ್ರಿಯೇ ಬೇರೆ ಇಡಿ.

ಹಳೆಯವರ ಗೆದ್ದಲು ಮಡಿಕೆ ಈಗಲೂ ಒಳ್ಳೆಯ ಉಪಾಯ. ಹಳೇ ಮಡಿಕೆಗೆ ಒಣ ಸಗಣಿ, ಕಣಿಕೆ ಚೂರು, ಹರಿದ ಗೋಣಿ ತುಂಬಿ, ನೀರು ಚಿಮುಕಿಸಿ, ಸಂಜೆ ಗೆದ್ದಲು ಓಡಾಡುವ ಜಾಗದಲ್ಲಿ ಬೋರಲು ಹಾಕಿ. ಮರುದಿನ ಬೆಳಿಗ್ಗೆ ಎತ್ತಿದರೆ ಬಿಳಿ ಗೆದ್ದಲು ತುಂಬಿರುತ್ತದೆ. ಕೋಳಿ ಮನೆಯಿಂದ ದೂರ ಇಡಿ ಮಾತ್ರ, ಇಲ್ಲದಿದ್ದರೆ ಅವು ನಿಮ್ಮ ಕಂಬಕ್ಕೇ ಬರುತ್ತವೆ. ಮೂಲೆಯಲ್ಲಿ ಒಲೆಯ ಬೂದಿ, ಮರಳು ಬೆರೆಸಿದ ಒಂದು ಗುಂಡಿ ಇರಲಿ. ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ತತ್ತಿ ಮತ್ತು ಕಾವು

ಐದೂವರೆ ಆರು ತಿಂಗಳಿಗೆ ತತ್ತಿ ಶುರು. ಅದಕ್ಕೆ ಎರಡು ವಾರ ಮುಂಚೆಯೇ ಗೂಡು ಇಡಿ. ಒಂದು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ ಅಥವಾ ಬುಟ್ಟಿ, ಕತ್ತಲೆ ಇರುವ ಮೂಲೆಯಲ್ಲಿ, ಅಡ್ಡಗಂಬಿಗಿಂತ ಕೆಳಗೆ. ನಾಲ್ಕೈದು ಹೇಂಟೆಗೆ ಒಂದು. ಒಳಗೆ ಮೆತ್ತನೆ ಹುಲ್ಲು, ಒಂದು ಸುಣ್ಣದ ಉಂಡೆಯನ್ನು ತತ್ತಿಯ ಹಾಗೆ ಇಟ್ಟರೆ ಅಲ್ಲಿಯೇ ಇಡಲು ಕಲಿಯುತ್ತವೆ. ತತ್ತಿ ಶುರುವಾದ ಮೇಲೆ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು ಇಡಿ, ಬೇಕಾದವು ಬೇಕಾದಷ್ಟು ತಿನ್ನುತ್ತವೆ.

ಜವಾರಿ ಹೇಂಟೆ ಕಾವಿಗೆ ಬಂದಾಗ ವಾರದೊಳಗಿನ 10, 12 ತತ್ತಿ ಆರಿಸಿ ಸಂಜೆ ಹೊತ್ತಲ್ಲಿ ಕೂರಿಸಿ. ಏಳೆಂಟು ದಿನಕ್ಕೆ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಎಳೆ ಎಳೆ ರಕ್ತನಾಳ ಕಂಡರೆ ಫಲ ಕಟ್ಟಿದೆ, ಬರೀ ಬೆಳಕು ಕಂಡರೆ ತೆಗೆದುಬಿಡಿ. 21 ದಿನಕ್ಕೆ ಮರಿ. ಸ್ವರ್ಣಧಾರ, ಗ್ರಾಮಪ್ರಿಯದ ತತ್ತಿಯಿಂದ ಬಂದ ಮರಿ ತಾಯಿಯಷ್ಟೇ ತತ್ತಿ ಇಡುತ್ತದೆ ಅಂತ ನಂಬಬೇಡಿ. ಅವು ಬೆರಕೆಯ ತಳಿಗಳು, ಮುಂದಿನ ತಲೆಮಾರಿಗೆ ಆ ಗುಣ ಚದುರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾವು ಕೂರಿಸಲೇಬೇಡಿ.

ಹೆಚ್ಚಿನ ಹುಂಜಗಳನ್ನು ಮಾರ್ಚ್ ಒಳಗೆ ಮಾರಿಬಿಡಿ. ಶ್ರಾವಣದಲ್ಲಿ ಕೊಳ್ಳುವವರೇ ಇರುವುದಿಲ್ಲ, ಆಗಿನವರೆಗೆ ಸಾಕುವುದು ನಷ್ಟ. ಉಳಿಸಿಕೊಂಡ ಹುಂಜವನ್ನೂ ಬೇಸಿಗೆ ಮುಗಿಯುವವರೆಗೆ ಬೇರೆ ಕಟ್ಟಿ. ಹುಂಜದ ಜೊತೆ ಇದ್ದ ಹೇಂಟೆಯ ತತ್ತಿ 40 ಡಿಗ್ರಿ ಬಿಸಿಯಲ್ಲಿ ಹೊರಗೆ ಇಟ್ಟರೂ ಒಳಗೆ ಬೆಳೆಯಲು ಶುರು ಮಾಡಿ ಕೆಡುತ್ತದೆ. ಹುಂಜ ಇಲ್ಲದ ತತ್ತಿ ಜಾಸ್ತಿ ದಿನ ತಾಳುತ್ತದೆ. ತತ್ತಿ ತೊಳೆಯಬೇಡಿ, ಒಣ ಬಟ್ಟೆಯಿಂದ ಒರೆಸಿ. ಫ್ರಿಜ್ ಇಲ್ಲದವರು ನೆರಳಲ್ಲಿ ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಇಡಬಹುದು.

ಮೊದಲ ಬೇಸಿಗೆ

ಯುಗಾದಿ ಬರುವ ಮುಂಚೆ ಚಾವಣಿಯ ಹೊದಿಕೆ ಬದಲಿಸಿ, ಹೊಸ ತೊಗರಿ ಕಟ್ಟಿಗೆ ಮನೆಯಲ್ಲೇ ಇರುತ್ತದೆ. ಒಳಗಿನ ಹೊಟ್ಟನ್ನು ಎರಡು ಇಂಚಿಗೆ ಇಳಿಸಿ. ನೀರಿನ ಮಣ್ಣಿನ ಪಾತ್ರೆ ಒಂದಲ್ಲ, ಮೂರು ನಾಲ್ಕು ಕಡೆ ನೆರಳಲ್ಲಿ ಇಡಿ. ತಂಪಿನ ದಿನದಲ್ಲಿ ಒಂದು ಕೋಳಿ ಕಾಲು ಲೀಟರ್ ಕುಡಿದರೆ ಈಗ ಅರ್ಧ ಲೀಟರ್ ಬೇಕು. ಕಾದ ನೀರನ್ನು ಕೋಳಿ ಮುಟ್ಟುವುದಿಲ್ಲ, ದಿನಕ್ಕೆ ಮೂರು ಸಲ ಬದಲಿಸಿ. ಕಾಳು ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಆರರ ಮೇಲೆ. ನಡು ಮಧ್ಯಾಹ್ನ ತಿಂದ ಕಾಳು ಜೀರ್ಣವಾಗುವಾಗ ಮೈಯೊಳಗಿನ ಬಿಸಿ ಏರಿಸುತ್ತದೆ, ಅದಕ್ಕೇ ಆ ಹೊತ್ತಿಗೆ ಖಾಲಿ ಇರುವುದೇ ಕ್ಷೇಮ. ಹನ್ನೊಂದರ ಹೊತ್ತಿಗೆ ಗಾಳಿ ಬರುವ ಬದಿಯ ಗೋಣಿ ಪರದೆಗೆ ನೀರು ಚಿಮುಕಿಸಿ, ಚಾವಣಿಗೂ ಒಂದು ಕೊಡ ಸುರಿಯಿರಿ. ಎದುರು ಬದಿ ಪೂರ್ತಿ ತೆರೆದಿರಲಿ, ಇಲ್ಲದಿದ್ದರೆ ಒಳಗೆ ಬರೀ ಉಗಿ ತುಂಬುತ್ತದೆ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಿಡಿಯುವುದು, ಓಡಿಸುವುದು, ಲಸಿಕೆ, ಸಾಗಾಟ ಯಾವುದೂ ಬೇಡ. ಬಾಯಿ ತೆರೆದು ರೆಕ್ಕೆ ಬಿಟ್ಟು ನಿಂತಿದ್ದರೆ ನೆರಳು, ನೀರು ಸಾಕು, ಅದು ತಾನೇ ಸುಧಾರಿಸುತ್ತದೆ. ಕತ್ತು ಚಾಚಿ ನೆಲಕ್ಕೆ ಒರಗಿತು, ಜುಟ್ಟಿನ ಬಣ್ಣ ಕಪ್ಪಿಡಿಯಿತು ಅಂದರೆ ಕಾಯಬೇಡಿ. ಎತ್ತಿ ಕಾಲು ಮತ್ತು ಹೊಟ್ಟೆಯ ಕೆಳಭಾಗವನ್ನು ಗಡಿಗೆಯ ನೀರಿನಲ್ಲಿ ಅದ್ದಿ, ಜುಟ್ಟು ಒದ್ದೆ ಮಾಡಿ, ಗಾಳಿ ಆಡುವ ನೆರಳಲ್ಲಿ ಕೂರಿಸಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಅದೇ ಕುಡಿಯಲು ಶುರು ಮಾಡಿದಾಗ ಬೆಲ್ಲ, ಚಿಟಿಕೆ ಉಪ್ಪು ಹಾಕಿದ ನೀರು ಇಡಿ. ಆ ದಿನಗಳಲ್ಲಿ ತತ್ತಿ ಕಡಿಮೆಯಾಗುತ್ತದೆ, ಚಿಪ್ಪು ತೆಳ್ಳಗಾಗುತ್ತದೆ. ಅದು ರೋಗವಲ್ಲ. ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ನೆಲ ತಂಪಾದ ಮೇಲೆ ತತ್ತಿ ಮತ್ತೆ ಏರುತ್ತದೆ.